ಶತ್ರುವಿಗೂ ಸಲ್ಲುವ ಶೋಕ: ರುದ್ರನಾಟಕದ ಧರ್ಮಸೂಕ್ಷ್ಮ

ಕ್ರಿಸ್ತಪೂರ್ವ 472ರ ವಸಂತಕಾಲದಲ್ಲಿ, ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ, ಡಯೊನೈಸಸ್ ದೇವನ ಉತ್ಸವಕ್ಕಾಗಿ ಪೌರರು ನೆರೆದು ಕುಳಿತಿದ್ದರು. ಅವರ ಬೆನ್ನ ಹಿಂದೆ, ಗುಡ್ಡದ ನೆತ್ತಿಯ ಮೇಲೆ, ಎಂಟು ವರ್ಷಗಳ ಕೆಳಗೆ ಪಾರಸಿಕರ ಸೈನ್ಯ ಸುಟ್ಟು ಕೆಡವಿದ ದೇವಾಲಯಗಳು ಇನ್ನೂ ಹಾಳಾಗಿಯೇ ಬಿದ್ದಿದ್ದುವು. ಕುಳಿತಿದ್ದವರಲ್ಲಿ ಅನೇಕರು ಆ ವರ್ಷ ಹೆಂಡಿರು ಮಕ್ಕಳನ್ನು ದೋಣಿಗಳಲ್ಲಿ ಪಾರು ಮಾಡಿ, ಊರನ್ನು ಬೆಂಕಿಗೆ ಬಿಟ್ಟುಕೊಟ್ಟು, ಸಾಲಮಿಸ್ ದ್ವೀಪದ ಇಕ್ಕಟ್ಟಾದ ಕಡಲಿನಲ್ಲಿ ಶತ್ರುವಿನ ನೌಕೆಗಳನ್ನು ಮುರಿದು ಗೆದ್ದವರು. ಅಂತಹ ಜನದ ಮುಂದೆ ಈಸ್ಕಿಲಸ್ ಮಹಾಕವಿ, ತಾನೂ ಮಾರಥಾನಿನ ರಣರಂಗದಲ್ಲಿ ಪಾರಸಿಕರೊಡನೆ ಕಾದಿದವನು, ಅಲ್ಲಿಯೇ ಒಡಹುಟ್ಟಿದವನನ್ನು ಕಳೆದುಕೊಂಡವನು, ತನ್ನ ‘ಪಾರಸಿಕರು’ ನಾಟಕವನ್ನು ಆಡಿಸಿದನು. ಮೇಳದ ವೆಚ್ಚವನ್ನು ವಹಿಸಿದವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್.

ನಾಟಕ ನಡೆಯುವ ಸ್ಥಳ ಶತ್ರುವಿನ ರಾಜಧಾನಿಯಾದ ಸೂಸಾ. ಮೇಳದವರು ಪಾರಸಿಕ ವೃದ್ಧರು. ದುಃಸ್ವಪ್ನ ಕಂಡು ತಲ್ಲಣಿಸುವವಳು ಪಾರಸಿಕ ರಾಜಮಾತೆ. ದೂತನು ಬಂದು ಒಬ್ಬೊಬ್ಬರಾಗಿ ಹೆಸರು ಹಿಡಿದು ಸತ್ತರೆಂದು ಸಾರುವುದು ಪಾರಸಿಕ ಸೇನಾನಿಗಳನ್ನು. ಗೆದ್ದ ಗ್ರೀಕರ ಪೈಕಿ ಒಬ್ಬನ ಹೆಸರಾದರೂ ನಾಟಕದಲ್ಲಿ ಇಲ್ಲ. ಕಟ್ಟಕಡೆಗೆ ದೊರೆ ಕ್ಸರ್ಕ್ಸೀಸ್ ಹರಿದ ಉಡುಪಿನಲ್ಲಿ ಊರು ಸೇರುತ್ತಾನೆ, ಅವನೂ ಮೇಳವೂ ಕೂಡಿ ಗೋಳಿಡುತ್ತಾರೆ, ನಾಟಕ ಮುಗಿಯುತ್ತದೆ. ತಮ್ಮ ಮನೆಗಳನ್ನು ಸುಟ್ಟವನ ಗೋಳನ್ನು ಕೇಳುತ್ತ ಕುಳಿತ ಅಥೆನ್ಸಿನ ಜನ ಆ ಕವಿಗೆ ಕಲ್ಲು ಬೀರಲಿಲ್ಲ. ಪ್ರಥಮ ಬಹುಮಾನವನ್ನು ಕೊಟ್ಟರು.

ಇದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ಇದನ್ನು ಬರಿಯ ಔದಾರ್ಯವೆಂದು ಕೊಂಡಾಡಿ ಮುಂದೆ ಹೋಗುವುದೂ ಸರಿಯಾಗದು. ಅದೇ ನಾಟಕದಲ್ಲಿ ಗೋರಿಯಿಂದೆದ್ದು ಬರುವ ಡರಾಯಸನ ಪ್ರೇತವು ಮಗನ ಅಪರಾಧವನ್ನು ಸ್ಪಷ್ಟವಾದ ಮಾತುಗಳಲ್ಲಿ ಎಣಿಸುತ್ತದೆ: ಹರಿಯುವ ಕಡಲಿಗೆ ದೋಣಿಗಳ ಸೇತುವೆ ಹಾಕಿ ದಾಸನಿಗೆಂಬಂತೆ ಸಂಕೋಲೆ ತೊಡಿಸಿದುದು, ದೇವತಾವಿಗ್ರಹಗಳನ್ನು ಕಿತ್ತುದು, ಗುಡಿಗಳಿಗೆ ಬೆಂಕಿಯಿಟ್ಟುದು. ತಪ್ಪು ತಪ್ಪೇ, ಅದಕ್ಕೆ ಕ್ಷಮೆಯಿಲ್ಲ. ಆದರೂ ತಪ್ಪಿತಸ್ಥನ ದುಃಖ ದುಃಖವೇ, ಅದಕ್ಕೆ ಕಣ್ಣೀರು ಸಲ್ಲುತ್ತದೆ. ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಶಕ್ತಿಯೇ ರುದ್ರನಾಟಕದ ಪ್ರಾಣವೆಂದು ನನ್ನ ನಂಬಿಕೆ. ಕೊನೆಯಲ್ಲಿ ನಾಯಕ ಸಾಯುತ್ತಾನೆಯೆ ಬದುಕುತ್ತಾನೆಯೆ ಎಂಬುದು ಆಮೇಲಿನ ಪ್ರಶ್ನೆ.

ಕೊನೆಯಿಂದ ಜಾತಿನಿರ್ಣಯ

ಆದರೆ ನಮ್ಮಲ್ಲಿ ಬಹುಮಂದಿ ಓದುಗರು ಇದನ್ನು ತಲೆಕೆಳಗು ಮಾಡಿ ನೋಡುವುದುಂಟು. ಕೊನೆಯಲ್ಲಿ ಹೆಣ ಬಿದ್ದರೆ ರುದ್ರನಾಟಕ, ಮದುವೆಯಾದರೆ ಹರ್ಷನಾಟಕ ಎಂಬ ಸುಲಭವಾದ ಸೂತ್ರ ತರಗತಿಗಳಲ್ಲಿಯೂ ಉಳಿದುಕೊಂಡಿದೆ. ಗ್ರೀಕರ ರಂಗಭೂಮಿ ಈ ಸೂತ್ರಕ್ಕೆ ಒಳಪಡಲಾರದು. ಕ್ರಿಸ್ತಪೂರ್ವ 458ರಲ್ಲಿ ಆಡಿದ ಈಸ್ಕಿಲಸನ ಒರೆಸ್ಟೀಯ ನಾಟಕತ್ರಯವು ಕೊಲೆಯ ಮೇಲೆ ಕೊಲೆಯನ್ನು ಕಂಡು, ಕಡೆಗೆ ನ್ಯಾಯಸ್ಥಾನದ ಸಮಸಂಖ್ಯೆಯ ಮತಗಳಿಂದ ಮಾತೃಘಾತಕನ ಬಿಡುಗಡೆಯಲ್ಲಿ, ಪಂಜುಗಳ ಮೆರವಣಿಗೆಯಲ್ಲಿ ಮುಗಿಯುತ್ತದೆ. 409ರಲ್ಲಿ ಬಹುಮಾನ ಗಳಿಸಿದ ಸಾಫೊಕ್ಲೀಸನ ‘ಫಿಲೊಕ್ಟೀಟೀಸ್’ನಲ್ಲಿ ವ್ರಣಪೀಡಿತನಾದ ವೀರನು ಹೆರಾಕ್ಲೀಸನ ದರ್ಶನ ಪಡೆದು, ಗುಣ ಹೊಂದುವ ಭರವಸೆಯೊಡನೆ ದ್ವೀಪವನ್ನು ಬಿಟ್ಟು ಹೊರಡುತ್ತಾನೆ. ಯೂರಿಪಿಡೀಸನ ‘ಹೆಲೆನ್’ನಲ್ಲಿ ಗಂಡಹೆಂಡಿರು ಕೂಡಿ ಪಾರಾಗುತ್ತಾರೆ. ಇವೆಲ್ಲವನ್ನೂ ಅಥೆನ್ಸಿನವರು ರುದ್ರನಾಟಕಗಳೆಂದೇ ಸ್ಪರ್ಧೆಗೆ ಕರೆದರು, ರುದ್ರನಾಟಕಗಳೆಂದೇ ನೋಡಿದರು.

ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಮಾತು ಪ್ರಸಿದ್ಧವಾಗಿದೆ, ಇನ್ನೊಂದು ಅಷ್ಟೇ ಮುಖ್ಯವಾದದ್ದಾದರೂ ಮರೆತುಹೋಗಿದೆ. ಪ್ರಸಿದ್ಧವಾದದ್ದು, ನಾಯಕನು ಕೇವಲ ಸಜ್ಜನನೂ ಆಗಿರಬಾರದು ಕೇವಲ ದುಷ್ಟನೂ ಆಗಿರಬಾರದು, ಇವೆರಡರ ನಡುವಣವನಾಗಿ ಯಾವುದೋ ಪ್ರಮಾದದಿಂದ ಕೆಡುವವನಾಗಿರಬೇಕು ಎಂಬ ಲಕ್ಷಣ. ಮರೆತುಹೋದದ್ದು, ಒಳ್ಳೆಯವರಿಗೆ ಒಳ್ಳೆಯದು ಕೆಟ್ಟವರಿಗೆ ಕೆಟ್ಟದ್ದು ಎಂದು ಎರಡು ಬಗೆಯಾಗಿ ಮುಗಿಯುವ ಕಥೆಯನ್ನು ಕುರಿತ ಅವನ ತೀರ್ಪು. ಪ್ರೇಕ್ಷಕರ ದುರ್ಬಲತೆಗೆ ಮಣಿದು ಕವಿಗಳು ಹಾಗೆ ಬರೆಯುತ್ತಾರೆ, ಅಂತಹ ಕಥೆಯ ಸಂತೋಷವಾದರೋ ರುದ್ರನಾಟಕದ್ದಲ್ಲ, ಹಾಸ್ಯನಾಟಕಕ್ಕೆ ಸೇರಿದ್ದು ಎಂದು ಅವನು ಹೇಳುತ್ತಾನೆ. ಎಂದರೆ ಪಾಪಪುಣ್ಯಗಳ ಲೆಕ್ಕ ಚುಕ್ತಾ ಆಗುವ ಕಥೆಯಲ್ಲಿ ಎಷ್ಟು ಹೆಣ ಬಿದ್ದರೂ ಅದರ ಮನೋಧರ್ಮ ಬೇರೆ. ಕೆಟ್ಟವನು ಕೆಟ್ಟುಹೋದುದನ್ನು ಕಂಡು ನಾವು ನೆಮ್ಮದಿಯಾಗಿ ಮನೆಗೆ ಹೋಗುತ್ತೇವೆ. ರುದ್ರನಾಟಕ ಈ ನೆಮ್ಮದಿಯನ್ನು ಕೊಡಲೊಲ್ಲದು.

ಇದನ್ನು ಸಹಿಸಲಾರದ ಕಾಲಗಳೂ ಬಂದು ಹೋಗಿವೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕನು ಕಾವ್ಯದಲ್ಲಿ ಪುಣ್ಯಕ್ಕೆ ಪ್ರತಿಫಲವೂ ಪಾಪಕ್ಕೆ ಶಿಕ್ಷೆಯೂ ತಪ್ಪದೆ ಸಲ್ಲಬೇಕೆಂಬ ನಿಯಮವನ್ನು ಸಾರಿದನು. 1681ರಲ್ಲಿ ನೇಹಮ್ ಟೇಟ್ ಎಂಬಾತ ಷೇಕ್ಸ್‌ಪಿಯರನ ‘ಲಿಯರ್ ಮಹಾರಾಜ’ನನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ, ಎಡ್ಗರನಿಗೆ ಮದುವೆ ಮಾಡಿಸಿ, ಮುದುಕನಿಗೆ ರಾಜ್ಯವನ್ನು ಹಿಂದಕ್ಕೆ ಕೊಡಿಸಿದನು. ಆ ತಿದ್ದುಪಡಿಯ ನಾಟಕವೇ ನೂರೈವತ್ತು ವರ್ಷಗಳ ಕಾಲ ಇಂಗ್ಲೆಂಡಿನ ರಂಗದ ಮೇಲೆ ನಿಂತಿತು. 1838ರಲ್ಲಿ ಮಕ್ರೆಡಿ ಎಂಬ ನಟನು ಷೇಕ್ಸ್‌ಪಿಯರನ ಪಾಠವನ್ನು ಮರಳಿ ತಂದಾಗಲೇ ಅದಕ್ಕೆ ಮುಕ್ತಾಯ. ಡಾಕ್ಟರ್ ಜಾನ್ಸನನಂತಹ ಪ್ರಾಜ್ಞನೂ ಟೇಟನ ಪಕ್ಷವನ್ನೇ ವಹಿಸಿದನೆಂಬುದನ್ನು ನೆನೆದರೆ, ಲೆಕ್ಕ ಚುಕ್ತಾ ಆಗಬೇಕೆಂಬ ಹಂಬಲ ಮನುಷ್ಯನ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ತಿಳಿಯುತ್ತದೆ. ಆ ಹಂಬಲ ಅಪರಾಧವಲ್ಲ. ಆದರೆ ಅದು ಕೈಗೂಡಿದೊಡನೆ ನಾಟಕದ ಜಾತಿ ಬದಲಾಗುತ್ತದೆ.

ಏಜಾಕ್ಸನ ಹೆಣ

ಈ ಮಾತನ್ನು ಸೂತ್ರವಾಗಿ ಬಿಡದೆ ಒಂದು ನಾಟಕದಲ್ಲಿ ಹೊಕ್ಕು ನೋಡುವುದು ಲೇಸು. ಸಾಫೊಕ್ಲೀಸನ ಉಳಿದಿರುವ ಏಳು ನಾಟಕಗಳಲ್ಲಿ ‘ಏಜಾಕ್ಸ್’ ಒಂದು. ಏಜಾಕ್ಸನು ಸಾಲಮಿಸ್ ದ್ವೀಪದ ವೀರ, ಟ್ರಾಯ್ ಯುದ್ಧದಲ್ಲಿ ಗ್ರೀಕರ ಸೈನ್ಯಕ್ಕೆ ಅಕಿಲೀಸನ ತರುವಾಯದ ಆಸರೆ. ಅಕಿಲೀಸನು ಮಡಿದ ಮೇಲೆ ಅವನ ದಿವ್ಯಾಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸನ ಎಣಿಕೆ. ತೀರ್ಪು ಕೊಟ್ಟವರು ಅವನ್ನು ಒಡಿಸ್ಯೂಸನಿಗೆ ಕೊಟ್ಟರು. ಅವಮಾನದಿಂದ ಕುದಿದ ಏಜಾಕ್ಸನು ರಾತ್ರಿ ಒಬ್ಬನೇ ಕತ್ತಿ ಹಿರಿದು, ಅಗಮೆಮ್ನಾನ್ ಮೆನೆಲಾಸರನ್ನೂ ಒಡಿಸ್ಯೂಸನನ್ನೂ ಕೊಲ್ಲಲು ಹೊರಡುತ್ತಾನೆ. ಅಥೀನಾದೇವಿ ಅವನ ಕಣ್ಣಿಗೆ ಭ್ರಮೆ ಕವಿಸುತ್ತಾಳೆ. ಶತ್ರುಗಳೆಂದು ತಿಳಿದು ಅವನು ಸೈನ್ಯದ ದನಕುರಿಗಳನ್ನೂ ಅವನ್ನು ಕಾಯುತ್ತಿದ್ದವರನ್ನೂ ಕಡಿದು ಕೆಡವುತ್ತಾನೆ. ಒಂದು ಟಗರನ್ನು ಒಡಿಸ್ಯೂಸನೆಂದೇ ನಂಬಿ ಬಿಡಾರದ ಕಂಬಕ್ಕೆ ಬಿಗಿದು ಬಡಿಯುತ್ತಾನೆ.

ನಾಟಕ ತೆರೆಯುವುದು ಈ ರಾತ್ರಿಯ ಕೊನೆಗೆ. ಅಥೀನಾದೇವಿ ಒಡಿಸ್ಯೂಸನನ್ನು ಕರೆದು, ಹುಚ್ಚು ಹಿಡಿದ ವೈರಿಯನ್ನು ನೋಡು, ನಗು, ವೈರಿಯನ್ನು ಕಂಡು ನಗುವುದಕ್ಕಿಂತ ಸವಿಯಾದದ್ದು ಇನ್ನೇನಿದೆ ಎಂದು ಪ್ರೇರಿಸುತ್ತಾಳೆ. ಒಡಿಸ್ಯೂಸನಿಗೆ ನಗು ಬಾರದು. ಅವನು ನನ್ನ ಶತ್ರುವಾದರೂ ಅವನಿಗಾಗಿ ಮರುಗುತ್ತೇನೆ, ಅವನ ಸ್ಥಿತಿಯಲ್ಲಿ ನನ್ನದನ್ನೇ ಕಾಣುತ್ತೇನೆ, ಬದುಕಿರುವ ನಾವೆಲ್ಲ ನೆರಳುಗಳಷ್ಟೆ ಎಂಬ ಅರ್ಥದ ಮಾತನ್ನು ಆಡುತ್ತಾನೆ. ದೇವತೆ ಹಗೆಯಿಂದ ನಗಲು ಹೇಳುವಾಗ ಮನುಷ್ಯನು ಕರುಣೆಯಿಂದ ಹಿಂಜರಿಯುತ್ತಾನೆ. ಯಾರನ್ನು ಏಜಾಕ್ಸನು ಕೊಲ್ಲಲು ಹೊರಟಿದ್ದನೋ ಅವನೇ ಏಜಾಕ್ಸನಿಗಾಗಿ ಮರುಗುವ ಮೊದಲಿಗ. ಇದು ನಾಟಕದ ಪ್ರಾರಂಭದಲ್ಲಿಯೇ ಬಿತ್ತಿದ ಬೀಜ, ಫಲಿಸುವುದು ಕಟ್ಟಕಡೆಗೆ.

ಏಜಾಕ್ಸನಿಗೆ ಬುದ್ಧಿ ತಿಳಿಯಾಗುತ್ತದೆ. ಪಶುಗಳ ರಕ್ತದಲ್ಲಿ ಕುಳಿತು ತನ್ನನ್ನು ತಾನು ಕಂಡವನಿಗೆ ಬದುಕು ಅಸಹ್ಯವಾಗುತ್ತದೆ. ಗಮನಿಸಬೇಕಾದದ್ದೇನೆಂದರೆ, ಅವನಿಗೆ ನಾಚಿಕೆಯುಂಟು, ಪಶ್ಚಾತ್ತಾಪವಿಲ್ಲ. ಕೊಲ್ಲಲು ಹೋದೆನಲ್ಲಾ ಎಂದು ಅವನು ಕೊರಗುವುದಿಲ್ಲ; ಕೊಲ್ಲದೆ ಹೋದೆನಲ್ಲಾ ಎಂದು ಕೊರಗುತ್ತಾನೆ. ಯುದ್ಧದಲ್ಲಿ ಸೆರೆಸಿಕ್ಕು ಅವನ ಮಡದಿಯಾಗಿ ಬಾಳಿದ ಟೆಕ್ಮೆಸ್ಸಾ, ನೀನು ಸತ್ತರೆ ನಾನೂ ಮಗುವೂ ದಾಸ್ಯಕ್ಕೆ ಬೀಳುತ್ತೇವೆ ಎಂದು ಬೇಡಿಕೊಂಡರೆ ಒರಟಾಗಿ ಸುಮ್ಮನಿರಿಸುತ್ತಾನೆ. ಆಮೇಲೆ ಮೆತ್ತಗಾದವನಂತೆ ಬಂದು, ಚಳಿಗಾಲ ಬೇಸಗೆಗೆ ಎಡೆಗೊಡುವಂತೆ, ಇರುಳು ಹಗಲಿಗೆ ಸರಿಯುವಂತೆ, ತಾನೂ ಬಾಗಲು ಕಲಿಯುವೆನೆಂದು ನುಡಿದು, ಕಡಲ ತೀರಕ್ಕೆ ಹೋಗಿ ಮಿಂದು ಶುದ್ಧನಾಗುವೆನೆಂದು ಹೊರಡುತ್ತಾನೆ. ಆ ಮಾತು ಕೇವಲ ವಂಚನೆಯೋ, ಅಥವಾ ಲೋಕಧರ್ಮವನ್ನು ನಿಜವಾಗಿ ಕಂಡು, ಆ ಲೋಕದಲ್ಲಿ ತನಗೆ ಎಡೆಯಿಲ್ಲವೆಂದು ಕೈಗೊಂಡ ನಿಶ್ಚಯವೋ ಎಂದು ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ. ತೀರದಲ್ಲಿ, ಶತ್ರುವಾದ ಹೆಕ್ಟರನು ಹಿಂದೆ ಉಡುಗೊರೆಯಾಗಿ ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನಾಟಿ, ಅದರ ಮೇಲೆ ಬಿದ್ದು ಪ್ರಾಣ ಬಿಡುತ್ತಾನೆ.

ಇಲ್ಲಿಗೆ ನಾಟಕ ಮುಗಿಯಬೇಕಿತ್ತೆಂದು ಹೇಳಿದವರುಂಟು. ನಾಯಕನು ಸತ್ತ ಮೇಲೂ ನಾಟಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉಳಿದಿದೆ. ಅದರ ತುಂಬ ಹೆಣದ ಸುತ್ತ ನಿಂತವರ ಜಗಳ. ಪ್ರಾಚೀನ ವ್ಯಾಖ್ಯಾನಕಾರರೇ ಇದನ್ನು ನೀರಸವಾದ ಲಂಬನವೆಂದು ಆಕ್ಷೇಪಿಸಿದ್ದಾರೆ. ನನಗಾದರೋ ನಾಟಕದ ಮರ್ಮವೆಲ್ಲ ಈ ಉತ್ತರಾರ್ಧದಲ್ಲಿಯೇ ಇದೆಯೆಂದು ತೋರುತ್ತದೆ. ಏಕೆಂದರೆ ಸಾಯುವುದು ಏಜಾಕ್ಸನ ಕೆಲಸ. ಸತ್ತವನನ್ನು ಏನು ಮಾಡಬೇಕೆಂಬುದು ಬದುಕಿರುವವರ ಕೆಲಸ, ಧರ್ಮಸಂಕಟ ಹುಟ್ಟುವುದು ಅಲ್ಲಿಯೇ.

ಮೆನೆಲಾಸನು ಬಂದು ಹೆಣವನ್ನು ಹೂಳಕೂಡದು, ಹಕ್ಕಿಗಳಿಗೆ ಎಸೆಯಬೇಕು ಎಂದು ಆಜ್ಞಾಪಿಸುತ್ತಾನೆ. ಭಯವಿಲ್ಲದ ಊರಿನಲ್ಲಿ ಕಟ್ಟಳೆ ನಿಲ್ಲದು, ಶಿಸ್ತಿಲ್ಲದ ಸೈನ್ಯ ಉಳಿಯದು ಎಂದು ಅವನ ವಾದ. ಅಗಮೆಮ್ನಾನನು ಇನ್ನೂ ಗಟ್ಟಿಯಾದ ಮಾತನ್ನು ಎತ್ತುತ್ತಾನೆ: ಬಹುಮತದ ತೀರ್ಪನ್ನು ಸೋತವರು ಒಪ್ಪದೆ ಕತ್ತಿ ಹಿರಿಯುವುದಾದರೆ ಯಾವ ಕಾನೂನು ತಾನೆ ನೆಲೆಗೊಂಡೀತು? ಇದು ನೀಚನ ಬಾಯಿಂದ ಬಂದ ಮಾತೆಂದು ತಳ್ಳಿಹಾಕುವಂತಿಲ್ಲ. ಸಭೆಯ ಮತದಿಂದ ಆಳಿಕೊಳ್ಳುತ್ತಿದ್ದ ಅಥೆನ್ಸಿನ ಪೌರನು ಇದನ್ನು ಕೇಳಿದಾಗ, ಹೌದು, ಇದು ನಮ್ಮದೇ ಮಾತು ಎಂದು ತಲೆದೂಗದೆ ಇರಲಾರನು. ಅತ್ತ ಏಜಾಕ್ಸನ ತಮ್ಮ ಟ್ಯೂಸರ್, ಅಣ್ಣನು ನೌಕೆಗಳನ್ನು ಬೆಂಕಿಯಿಂದ ಕಾಪಾಡಿದ ದಿನವನ್ನು ಮರೆತಿರೋ ಎಂದು ಕೇಳುತ್ತಾನೆ. ಅದೂ ನಿಜ. ರಾಜರಲ್ಲಿ ನ್ಯಾಯದ ವಾಕ್ಯವಿದೆ, ಆದರೆ ಅದರ ಹಿಂದೆ ದ್ವೇಷವಿದೆ. ಟ್ಯೂಸರನಲ್ಲಿ ನಿಷ್ಠೆಯಿದೆ, ಆದರೆ ಅಣ್ಣನ ಅಪರಾಧಕ್ಕೆ ಅವನಲ್ಲಿ ಉತ್ತರವಿಲ್ಲ. ಹೀಗೆ ನಾಟಕ ಎರಡು ಕಡೆಗೂ ಅರ್ಧರ್ಧ ಸತ್ಯವನ್ನು ಹಂಚಿ ಕೊಟ್ಟು, ತೂಕವನ್ನು ನಮ್ಮ ಕೈಯಲ್ಲಿ ಇಡುತ್ತದೆ.

ಆಗ ಒಡಿಸ್ಯೂಸನ ಪ್ರವೇಶ. ಅವನು ಏಜಾಕ್ಸನನ್ನು ನಿರ್ದೋಷಿಯೆನ್ನುವುದಿಲ್ಲ. ಇಡೀ ಸೈನ್ಯದಲ್ಲಿ ಇವನು ನನಗೆ ಪರಮವೈರಿಯಾಗಿದ್ದನು, ಹಗೆ ಸಲ್ಲುವ ಕಾಲದಲ್ಲಿ ನಾನೂ ಹಗೆಯನ್ನು ಸಾಧಿಸಿದೆನು. ಆದರೂ ಅಕಿಲೀಸನನ್ನು ಬಿಟ್ಟರೆ ಗ್ರೀಕರಲ್ಲಿ ಇವನಿಗೆ ಸಮನಿರಲಿಲ್ಲ, ಹೆಣವನ್ನು ಕೆಡಿಸಿದರೆ ಕೆಡುವುದು ಇವನಲ್ಲ, ದೇವತೆಗಳ ಧರ್ಮ ಎಂದು ಅವನು ಅಗಮೆಮ್ನಾನನಿಗೆ ತಿಳಿಯಹೇಳುತ್ತಾನೆ. ತನಗೂ ಒಂದು ದಿನ ಸಂಸ್ಕಾರದ ಅಗತ್ಯ ಬರುವುದೆಂಬ ಮಾತನ್ನೂ ಸೇರಿಸುತ್ತಾನೆ. ಅಗಮೆಮ್ನಾನನು ಒಪ್ಪದೆ ಒಪ್ಪುತ್ತಾನೆ. ಏಜಾಕ್ಸನಿಗೆ ಸಮಾಧಿ ದೊರೆಯುತ್ತದೆ. ಆದರೆ ಹೆಣವನ್ನು ಎತ್ತಲು ಒಡಿಸ್ಯೂಸನು ಕೈನೀಡಿದಾಗ ಟ್ಯೂಸರನು, ನಿನ್ನ ಉಪಕಾರ ದೊಡ್ಡದು, ಆದರೂ ನಿನ್ನ ಕೈ ಸೋಕಿದರೆ ಸತ್ತವನು ಮೆಚ್ಚಲಾರನೆಂದು ವಿನಯದಿಂದಲೇ ತಡೆಯುತ್ತಾನೆ. ಸಂಧಿಯಾಯಿತು, ಮೈತ್ರಿಯಾಗಲಿಲ್ಲ. ‘ಒಡಿಸ್ಸಿ’ ಮಹಾಕಾವ್ಯದ ಹನ್ನೊಂದನೆಯ ಸಂಧಿಯಲ್ಲಿ ಒಡಿಸ್ಯೂಸನು ಪ್ರೇತಲೋಕದಲ್ಲಿ ಏಜಾಕ್ಸನನ್ನು ಕಂಡು ಮಾತನಾಡಿಸಿದಾಗ ಆ ಛಾಯೆ ಉತ್ತರ ಕೊಡದೆ ಹೊರಟುಹೋಗುತ್ತದೆ. ಅದನ್ನು ಬಲ್ಲ ಪ್ರೇಕ್ಷಕರಿಗೆ ಟ್ಯೂಸರನ ಈ ತಡೆ ಎಷ್ಟು ಯಥಾರ್ಥವೆಂದು ಹೇಳಬೇಕಾಗಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಏಜಾಕ್ಸನು ಅಥೆನ್ಸಿಗರಿಗೆ ದೂರದ ಕಥಾಪುರುಷನಲ್ಲ. ಅಥೆನ್ಸಿನ ಹತ್ತು ಕುಲಗಳಲ್ಲಿ ಒಂದಕ್ಕೆ ಅವನ ಹೆಸರಿತ್ತು. ಸಾಲಮಿಸ್ ಕದನಕ್ಕೆ ಮುಂಚೆ ಗ್ರೀಕರು ಏಜಾಕ್ಸನನ್ನೂ ಅವನ ತಂದೆ ಟೆಲಮಾನನನ್ನೂ ನೆರವಿಗೆ ಕರೆದರೆಂದೂ, ಗೆದ್ದ ಮೇಲೆ ಸೆರೆಹಿಡಿದ ನೌಕೆಯೊಂದನ್ನು ಅವನಿಗೆ ಅರ್ಪಿಸಿದರೆಂದೂ ಹೆರೊಡೊಟಸನು ಬರೆದಿದ್ದಾನೆ. ತಮ್ಮನ್ನು ಕಾಯುವ ವೀರದೇವತೆಯೆಂದು ಪೂಜಿಸಿದವನನ್ನೇ ಅವರು ದ್ರೋಹಕ್ಕೆ ಹೊರಟವನಾಗಿ, ಹುಚ್ಚನಾಗಿ, ಹಟಮಾರಿಯಾಗಿ ರಂಗದ ಮೇಲೆ ಕಂಡರು. ಪೂಜೆ ನಿಲ್ಲಲಿಲ್ಲ, ವಿಮರ್ಶೆಯೂ ತಪ್ಪಲಿಲ್ಲ.

ರನ್ನನಿಂದ ಶ್ರೀಯವರಿಗೆ

ಇಂತಹ ನಾಟಕವನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ರನ್ನನ ಕಾವ್ಯದಿಂದ ರೂಪಿಸಿದ ‘ಗದಾಯುದ್ಧ ನಾಟಕಂ’, 1929ರಲ್ಲಿ ‘ಏಜಾಕ್ಸ್’ ನಾಟಕದ ಬೆಳಕಿನಲ್ಲಿ ರಚಿಸಿದ ‘ಅಶ್ವತ್ಥಾಮನ್’, 1935ರಲ್ಲಿ ಈಸ್ಕಿಲಸನಿಂದ ಕನ್ನಡಿಸಿದ ‘ಪಾರಸಿಕರು’ — ಹೀಗೆ ಅವರಿಂದ ನಮಗೆ ದೊರೆತ ರುದ್ರನಾಟಕಗಳು ಮೂರು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ: ದುರ್ಯೋಧನ, ಅಶ್ವತ್ಥಾಮ, ಕ್ಸರ್ಕ್ಸೀಸ್, ಮೂವರೂ ಸೋತ ಪಕ್ಷದವರು, ಮೂವರೂ ಅಪರಾಧಿಗಳು. ಗೆದ್ದವರ ಮೆರವಣಿಗೆಗಾಗಿ ಒಂದು ನಾಟಕವನ್ನೂ ಶ್ರೀಯವರು ಆರಿಸಿಕೊಳ್ಳಲಿಲ್ಲ. ರುದ್ರರಸದ ಕಣ್ಣು ಎತ್ತ ತಿರುಗಿರಬೇಕೆಂಬುದನ್ನು ಅವರು ಲಕ್ಷಣಗ್ರಂಥಕ್ಕಿಂತ ಚೆನ್ನಾಗಿ ಈ ಆಯ್ಕೆಯಿಂದಲೇ ತೋರಿಸಿದರು.

ಈ ದೃಷ್ಟಿ ಕನ್ನಡಕ್ಕೆ ಹೊರಗಿನದೂ ಅಲ್ಲ. ಮುಧೋಳದ ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮವಿಜಯ’ವನ್ನು ಬರೆದನು. ಕಾವ್ಯದ ಉದ್ದೇಶ ಭೀಮನ ಕೀರ್ತಿ. ಆದರೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನ, ದ್ರೋಣನನ್ನು ಕಂಡು, ಒಡಹುಟ್ಟಿದ ದುಶ್ಶಾಸನನನ್ನು ಕಂಡು, ಪ್ರಾಣಸಖನಾದ ಕರ್ಣನನ್ನು ಕಂಡು ಮರುಗುವ ದುರ್ಯೋಧನ, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುವ ದುರ್ಯೋಧನನೇ ಓದುಗನ ಎದೆಯಲ್ಲಿ ನಿಲ್ಲುತ್ತಾನೆ. ದ್ರೌಪದಿಗೆ ಮಾಡಿದ ಅಪಚಾರವನ್ನು ರನ್ನನು ಎಲ್ಲಿಯೂ ಮರೆಸುವುದಿಲ್ಲ. ಸಂಸ್ಕೃತದಲ್ಲಿಯೂ, 1912ರಿಂದ ಮೊದಲುಗೊಂಡು ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ ಭಾಸನದೆಂದು ಪ್ರಕಟಿಸಿದ ರೂಪಕಗಳಲ್ಲಿ ಸೇರಿರುವ ‘ಊರುಭಂಗ’ದಲ್ಲಿ, ತೊಡೆ ಮುರಿದು ಬಿದ್ದ ದುರ್ಯೋಧನನು ಅಂಧನಾದ ತಂದೆಯನ್ನೂ ಎಳೆಯ ಮಗನನ್ನೂ ಕಂಡು ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಭರತನು ಹೇಳಿದ ದಶರೂಪಕಗಳಲ್ಲಿ ಉತ್ಸೃಷ್ಟಿಕಾಂಕವೆಂಬ, ಕರುಣರಸವೇ ಪ್ರಧಾನವಾದ ಪ್ರಕಾರವೊಂದಿದ್ದರೂ ಅದರ ಬಳಕೆ ವಿರಳವಾಯಿತು. ಆದರೆ ಹೃದಯ ಆ ಕಡೆಗೆ ಒಲಿದಿತ್ತೆಂಬುದಕ್ಕೆ ಈ ಕೃತಿಗಳೇ ಸಾಕ್ಷಿ.

‘ಅಶ್ವತ್ಥಾಮನ್’ ನಾಟಕದ ಮೇಲೆ ದೊಡ್ಡ ಆಕ್ಷೇಪ ಬಂದುದು ಅದರ ಮುಕ್ತಾಯಕ್ಕಾಗಿ. ಸಂಪ್ರದಾಯದಲ್ಲಿ ಅಶ್ವತ್ಥಾಮನು ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬ. ಶ್ರೀಯವರು ಅವನನ್ನು ಏಜಾಕ್ಸನಂತೆ ತನ್ನ ಕೈಯಿಂದಲೇ ಸಾಯಿಸಿದರು. ಪುರಾಣವನ್ನು ಹೀಗೆ ತಿರುಗಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಭಾರತದ ಅಶ್ವತ್ಥಾಮನನ್ನು ಸ್ವಲ್ಪ ನೆನೆಯೋಣ. ತಂದೆ ದ್ರೋಣನನ್ನು ಅರ್ಧಸತ್ಯದಿಂದ ಶಸ್ತ್ರ ಬಿಡಿಸಿ ಕೊಂದುದು ಅವನ ಎದೆಯ ಉರಿ, ಅದು ಸುಳ್ಳಲ್ಲ. ಮಲಗಿದ್ದವರನ್ನು, ದ್ರೌಪದಿಯ ಐವರು ಮಕ್ಕಳನ್ನು ಇರುಳಿನಲ್ಲಿ ಇರಿದುದು ಅವನ ಪಾಪ, ಅದಕ್ಕೆ ಪರಿಹಾರವಿಲ್ಲ. ವ್ಯಾಸರ ಕಥೆಯಲ್ಲಿ ಕೃಷ್ಣನು ಅವನಿಗೆ ಕೊಡುವುದು ಮೂರು ಸಾವಿರ ವರ್ಷ ರಕ್ತಪೂಯಗಳ ದುರ್ಗಂಧದಲ್ಲಿ ಒಂಟಿಯಾಗಿ ಅಲೆಯುವ ಶಾಪ. ಅಲೆಯುವವನಿಗೆ ಚಿತೆಯಿಲ್ಲ, ಚಿತೆಯಿಲ್ಲದವನಿಗೆ ಅಳುವವರಿಲ್ಲ. ಶ್ರೀಯವರು ಅವನಿಗೆ ಸಾವನ್ನು ಕೊಟ್ಟು, ಆ ಮೂಲಕ ಅವನ ಹೆಣದ ಮುಂದೆ ನಿಂತು ಶೋಕಿಸುವ ಅವಕಾಶವನ್ನು ನಮಗೆ ಕೊಟ್ಟರು. ಅವನ ಪಾಪ ತೊಳೆದುಹೋಯಿತೆಂದು ಇದರರ್ಥವಲ್ಲ; ಪಾಪಿಯೂ ಸಂಸ್ಕಾರಕ್ಕೆ ಅರ್ಹನೆಂದು ಇದರರ್ಥ. ಸಾಫೊಕ್ಲೀಸನ ನಾಟಕದ ಉತ್ತರಾರ್ಧದ ತಾತ್ಪರ್ಯವೂ ಅದೇ ಆದುದರಿಂದ, ಮೂಲದ ಆಶಯಕ್ಕೆ ಶ್ರೀಯವರು ನಿಷ್ಠರಾಗಿಯೇ ನಡೆದರೆಂದು ಹೇಳಬೇಕು.

ಆಕ್ಷೇಪಕ್ಕೆ ಸಮಾಧಾನ

ದುಷ್ಟನ ದುಃಖಕ್ಕೆ ಕರಗುವುದನ್ನು ಕಲಿಸುವ ಕಲೆ ಅಪಾಯಕರವಲ್ಲವೆ? ಪ್ಲೇಟೋ ತನ್ನ ‘ಗಣರಾಜ್ಯ’ದ ಹತ್ತನೆಯ ಭಾಗದಲ್ಲಿ ಕವಿಗಳ ಮೇಲೆ ಹೊರಿಸಿದ ಆರೋಪ ಇದಕ್ಕೆ ತೀರ ಹತ್ತಿರವಾದದ್ದು: ಪರರ ಶೋಕದಿಂದ ನಮ್ಮೊಳಗಿನ ಕರುಣೆಯನ್ನು ಕೊಬ್ಬಿಸಿದರೆ, ನಮ್ಮ ಶೋಕದಲ್ಲಿ ನಮ್ಮನ್ನು ನಾವು ಹಿಡಿಯಲಾರೆವು ಎಂದು ಅವನ ಭಯ. ಈ ಭಯವನ್ನು ಹಗುರವಾಗಿ ಕಾಣಬಾರದು. ಅಪರಾಧಿಯನ್ನು ಕಂಡು ಅತ್ತವನು ಅಪರಾಧವನ್ನೇ ಮರೆಯುವುದುಂಟು. ಸೋತ ವೀರನ ಸೊಬಗಿಗೆ ಮರುಳಾಗಿ, ಅವನಿಂದ ನೊಂದವರ ಕಡೆ ನೋಡದೆ ಹೋಗುವುದುಂಟು. ಹಾಗೆ ಮರೆಸುವ ನಾಟಕಗಳೂ ಇವೆ. ಅವು ಪ್ಲೇಟೋವಿನ ಆರೋಪಕ್ಕೆ ತಲೆಬಾಗಲೇಬೇಕು.

ಆದರೆ ಶ್ರೇಷ್ಠ ರುದ್ರನಾಟಕ ಮರೆಸುವುದಿಲ್ಲ. ‘ಪಾರಸಿಕರು’ ನಾಟಕದಲ್ಲಿ ಡರಾಯಸನ ಪ್ರೇತವಿದೆ; ‘ಏಜಾಕ್ಸ್’ನಲ್ಲಿ ಟೆಕ್ಮೆಸ್ಸಾಳ ಮೊರೆಯಿದೆ, ಅಗಮೆಮ್ನಾನನ ಕಾನೂನಿದೆ. ಇಲ್ಲಿ ಧರ್ಮ ಸಂದಿಗ್ಧವಾಗಿದೆಯೆಂದರೆ, ಒಳ್ಳೆಯದೂ ಕೆಟ್ಟದ್ದೂ ಒಂದೇ ಆಯಿತೆಂದು ಭಾವಿಸಬಾರದು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿದ ಮೇಲೂ, ಆ ಮನುಷ್ಯನ ವಿಷಯದಲ್ಲಿ ನಾವು ಏನು ಮಾಡಬೇಕೆಂಬುದು ತೀರ್ಮಾನವಾಗದೆ ಉಳಿಯುತ್ತದೆಯೆಂಬುದೇ ಆ ಸಂದಿಗ್ಧತೆ. ನ್ಯಾಯಸ್ಥಾನ ಶಿಕ್ಷೆಯನ್ನು ವಿಧಿಸಿ ತನ್ನ ಕೆಲಸ ಮುಗಿಸುತ್ತದೆ. ಅದು ಅದರ ಧರ್ಮ. ರುದ್ರನಾಟಕದ ಕೆಲಸ ಅಲ್ಲಿಂದ ಮುಂದಕ್ಕೆ. ಒಡಿಸ್ಯೂಸನು ಶತ್ರುವಿನ ತಪ್ಪನ್ನು ಒಂದು ಕೂದಲೆಳೆಯಷ್ಟೂ ಕಿರಿದು ಮಾಡದೆ ಅವನಿಗೆ ಗೌರವವನ್ನು ಬೇಡಿದನು. ಕರುಣೆ ಬುದ್ಧಿಯನ್ನು ಕೆಡಿಸದೆ ನಿಲ್ಲಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಅರಿಯೆ.

ಆದುದರಿಂದ ಕನ್ನಡದ ರಂಗಕರ್ಮಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನದೊಂದು ಅರಿಕೆ. ಶ್ರೀಯವರ ಮೂರು ರುದ್ರನಾಟಕಗಳನ್ನು ಪಠ್ಯದ ಬಿಡಿಭಾಗಗಳನ್ನಾಗಿ ಹರಿದು ಹಂಚದೆ, ಒಟ್ಟಿಗೆ ಓದಿಸಿರಿ, ಒಟ್ಟಿಗೆ ಆಡಿಸಿರಿ. ‘ಏಜಾಕ್ಸ್’ ನಾಟಕವನ್ನು ಎತ್ತಿಕೊಳ್ಳುವವರು ನಾಯಕನ ಮರಣಕ್ಕೆ ತೆರೆಯಿಳಿಸಿ ಉತ್ತರಾರ್ಧವನ್ನು ಕತ್ತರಿಸಬೇಡಿ. ನಾಟಕ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಯಾರು ಸರಿ, ಯಾರು ತಪ್ಪು ಎಂದಷ್ಟೇ ಕೇಳಿ ಬಿಡಬೇಡಿ. ತಪ್ಪಿತಸ್ಥನೆಂದು ನೀವೇ ತೀರ್ಪು ಕೊಟ್ಟವನಿಗೆ ನೀವು ಸಲ್ಲಿಸಬೇಕಾದದ್ದು ಏನು ಎಂದೂ ಕೇಳಿರಿ. ಈ ಎರಡನೆಯ ಪ್ರಶ್ನೆಯನ್ನು ಕೇಳದ ನಾಟಕ ಎಷ್ಟೇ ಕಣ್ಣೀರು ತರಿಸಿದರೂ ರುದ್ರನಾಟಕವಾಗಲಾರದು.